ಓರಿನ್ ಟಾಸ್ಕರನ ಮೂವತ್ತೈದು ಗಜ

"ಈ ಕೈಯನ್ನ ಬೆದರಿಸೋ ಬಂದೂಕು ಇನ್ನೂ ಯಾವ ಕಾರ್ಖಾನೇಲೂ ಹುಟ್ಟಿಲ್ಲ!"

ಓರಿನ್ ಟಾಸ್ಕರ್ ಈ ಮಾತು ಹೇಳಿದ್ದು ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ, ವೆಲ್ಡಾ ಕ್ರೋಗ್ ಎಂಬವಳ ಬಂದೂಕಿನ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯ ಮೇಲೆ ಬಲಗೈ ಊರಿಕೊಂಡು. ಊರಿದ ರಭಸಕ್ಕೆ ಒಳಗೆ ಮಲಗಿದ್ದ ಹದಿನಾಲ್ಕು ರಿವಾಲ್ವರುಗಳೂ ಒಮ್ಮೆ ಎದ್ದು ಕೂತು ಮತ್ತೆ ಮಲಗಿದವು. ಕೈ ಎಂದರೆ ಅಂಥಿಂಥ ಕೈಯಲ್ಲ ಅದು. ಟ್ಯಾಮರ್ಯಾಕ್ ಕಣಿವೆಯಲ್ಲಿ ಅವನ ಕೈ ಕುಲುಕಿದವರು ಆಮೇಲೆ ಮರೆಗೆ ಹೋಗಿ ತಮ್ಮ ಬೆರಳು ಎಣಿಸಿಕೊಳ್ಳುವುದು ವಾಡಿಕೆ. ಪಾದ್ರಿಗಳಂತೂ ಭಾನುವಾರ ಚರ್ಚಿನ ಬಾಗಿಲಲ್ಲಿ ಅವನು ಬರುವುದನ್ನು ಕಂಡರೆ ಎರಡೂ ಕೈಯಲ್ಲಿ ಬೈಬಲ್ ಅಪ್ಪಿಕೊಂಡು ಬರೀ ತಲೆ ಆಡಿಸುತ್ತಿದ್ದರು.

ಮೂವತ್ತನಾಲ್ಕು ವರ್ಷ ಕೌಂಟಿಯ ಗ್ರೇಡರ್ ಎಂಬ ರಸ್ತೆ ಯಂತ್ರ ಓಡಿಸಿದ ಕೈ. ಬೇಸಿಗೆಯಲ್ಲಿ ಜಲ್ಲಿ ರಸ್ತೆ ಸಮ ಮಾಡುವುದು, ಚಳಿಗಾಲದಲ್ಲಿ ಹಿಮ ಗೋರುವುದು. ಒಂದು ವರ್ಷ ಹಿಮ ಎಷ್ಟು ಬಿತ್ತೆಂದರೆ, ರಸ್ತೆಯೆಂದು ತಿಳಿದು ಓರಿನ್ ನೀಟಾಗಿ ಗೋರಿಕೊಂಡು ಹೋದದ್ದು ಶಾಲೆಯ ಛಾವಣಿಯಾಗಿತ್ತು. ಒಳಗಿದ್ದ ಮಕ್ಕಳು, ಮೇಷ್ಟರ ಪಾಠಕ್ಕಿಂತ ಆ ಸದ್ದೇ ಚೆನ್ನಾಗಿ ಅರ್ಥವಾಯಿತು ಎಂದರಂತೆ. ಅವನು ಸಮ ಮಾಡಿದ ರಸ್ತೆಯಲ್ಲಿ ಬಟ್ಟಲು ತುಂಬ ಕಾಫಿ ಇಟ್ಟುಕೊಂಡು ಹದಿನೆಂಟು ಮೈಲಿ ಹೋದರೂ ಒಂದು ತೊಟ್ಟು ಚೆಲ್ಲದು. ಇದು ಮಾತ್ರ ಉತ್ಪ್ರೇಕ್ಷೆಯಲ್ಲ, ಹದಿನಾರು ಮೈಲಿಯವರೆಗೆ ನಿಜ.

ಆ ಕೈಗೆ ಆಧಾರವಾಗಿದ್ದ ಭುಜ ಮಾರ್ಚ್ ತಿಂಗಳಲ್ಲಿ ಕೈಕೊಟ್ಟಿತು. ಗ್ರೇಡರಿನ ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿತ್ತು, ಓರಿನ್ ಜಾರಿದ, ಬಲಭುಜದ ಕೀಲು ಕಳಚಿತು. ಡಾಕ್ಟರು ಮೂರು ತಿರುಪು ಹಾಕಿ ಬಿಗಿದು, "ಒಂದು ವರ್ಷ ರೈಫಲ್ ಹಿಡಿ ಈ ಭುಜಕ್ಕೆ ತಾಗಕೂಡದು" ಎಂದು ಕಟ್ಟಪ್ಪಣೆ ಮಾಡಿದರು. ಆಗಲಿ ಬಿಡಿ, ಒಂದು ವರ್ಷ ತಾನೆ ಎಂದು ಓರಿನ್ ಒಪ್ಪಿಕೊಂಡ.

ಜೂನ್‌ನಲ್ಲಿ ಅಂಚೆಯಲ್ಲಿ ಒಂದು ಲಕೋಟೆ ಬಂತು. ಉತ್ತರದ ದಿಣ್ಣೆಯ ಮೇಲೆ ಒಂದು ಗಂಡು ಎಲ್ಕ್ ಸಾರಂಗವನ್ನು ಬೇಟೆಯಾಡುವ ಪರವಾನಗಿ ಚೀಟಿ. ಆ ದಿಣ್ಣೆಗೆ ವರ್ಷಕ್ಕೆ ಹತ್ತು ಚೀಟಿ ಮಾತ್ರ, ಲಾಟರಿ ಎತ್ತಿ ಕೊಡುತ್ತಾರೆ. ಓರಿನ್ ಹದಿನೇಳು ವರ್ಷ ಬಿಡದೆ ಅರ್ಜಿ ಹಾಕಿದ್ದ. ಹದಿನೇಳು ವರ್ಷವೂ ಭುಜ ಗಟ್ಟಿಯಾಗಿತ್ತು, ಚೀಟಿ ಬರಲಿಲ್ಲ. ಈಗ ಚೀಟಿ ಬಂತು. ಇದನ್ನು ತಪ್ಪಿಸಿಕೊಂಡರೆ ಮತ್ತೆ ಸರದಿ ಬರುವ ಹೊತ್ತಿಗೆ ಎಂಬತ್ತು ದಾಟಿ, ಎಲ್ಕೇ ಇವನನ್ನು ಕೈಹಿಡಿದು ದಿಣ್ಣೆ ಹತ್ತಿಸಬೇಕಾಗುತ್ತದೆ.

ಭುಜಕ್ಕೆ ತಾಗಬಾರದು, ಎಲ್ಕ್ ಬೀಳಬೇಕು. ಉಳಿದದ್ದು ಒಂದೇ ದಾರಿ: ಎರಡು ಕೈಯಲ್ಲಿ ಮುಂದೆ ಚಾಚಿ ಹಿಡಿಯುವ ದೊಡ್ಡ ರಿವಾಲ್ವರ್.

"ಡಾಕ್ಟರು ಪಿಸ್ತೂಲು ಹೊಡೀಬಹುದು ಅಂದ್ರಾ?" ಎಂದು ಹೆಂಡತಿ ಲೊರೇನ್ ಕೇಳಿದಳು.

"ಬೇಡ ಅನ್ಲಿಲ್ಲ."

"ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂದ್ಬಿಟ್ರೆ ಅಂತ ಕೇಳ್ಲಿಲ್ಲ."

ಹೀಗೆ ಅವನು ವೆಲ್ಡಾಳ ಅಂಗಡಿಗೆ ಬಂದು ಗಾಜಿನ ಪೆಟ್ಟಿಗೆಗೆ ಕೈ ಊರಿದ್ದು. ವೆಲ್ಡಾಳಿಗೆ ಎಪ್ಪತ್ತನಾಲ್ಕು ವರ್ಷ. ಒದ್ದೆ ಕೋಟು ಹಾಕಿಕೊಂಡು ತಕ್ಕಡಿ ಹತ್ತಿದರೂ ನೂರು ಪೌಂಡು ತೂಗುವವಳಲ್ಲ. ಗಂಡ ಸತ್ತ ಮೇಲೆ ಇಪ್ಪತ್ತೆಂಟು ವರ್ಷದಿಂದ ಆ ಅಂಗಡಿ ಅವಳದೇ, ಕಣಿವೆಯ ಅರ್ಧ ಜನರ ಬಂದೂಕು ಅವಳು ಆರಿಸಿಕೊಟ್ಟದ್ದು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಗಿರಾಕಿಯ ಕೈ ನೋಡುತ್ತಾಳೆ, ಮುಖ ಆಮೇಲೆ.

"ಯಾವುದು ಬೇಕು?"

"ಇರೋದ್ರಲ್ಲಿ ದೊಡ್ಡದು."

ಅವಳು ಕೆಳಗಿನ ಸಾಲಿನಿಂದ ಒಂದನ್ನು ಎರಡು ಕೈಯಲ್ಲಿ ಎತ್ತಿಟ್ಟಳು. ಐದುನೂರು ಎಂದು ಕರೆಯುವ ಜಾತಿ. ನಳಿಗೆಯ ಬಾಯಿ ಅರ್ಧ ಅಂಗುಲ, ತೂಕ ನಾಲ್ಕೂವರೆ ಪೌಂಡು. ತೋಟಾ ತುಂಬುವ ಉರುಳೆಯಲ್ಲಿ ಆರರ ಬದಲು ಐದೇ ತೂತು. ಆರನೆಯದಕ್ಕೆ ಜಾಗ ಇಲ್ಲದಷ್ಟು ದಪ್ಪ ತೋಟಾಗಳು. ಓರಿನ್ ಅದನ್ನು ಎತ್ತಿಕೊಂಡಾಗ ಅವನ ಮುಖದಲ್ಲಿ ಮೊಮ್ಮಗುವನ್ನು ಎತ್ತಿಕೊಂಡವನ ಕಳೆ ಬಂತು.

"ಎಲ್ಕಿಗೆ ಇಷ್ಟು ಬೇಡ," ಅಂದಳು ವೆಲ್ಡಾ. "ನಲವತ್ನಾಲ್ಕು ತಗೋ. ಏಳೂವರೆ ಅಂಗುಲದ ನಳಿಗೆ. ಇನ್ನೂರೈವತ್ತು ಗ್ರೇನ್ ತೂಕದ ಗಟ್ಟಿ ಸೀಸದ ಗುಂಡು, ಮೂತಿ ಚಪ್ಪಟೆ ಇರೋದು."

"ಮೂತಿ ಟೊಳ್ಳಿರೋ ಗುಂಡು ಇದ್ಯಲ್ಲ, ಒಳಗೆ ಹೋಗಿ ಅಣಬೆ ಥರ ಅರಳೋದು? ಎಲ್ರೂ ಅದೇ ಒಳ್ಳೇದು ಅಂತಾರೆ."

"ಜಿಂಕೆಗೆ ಒಳ್ಳೇದು. ಎಲ್ಕಿನ ಭುಜದ ಮೂಳೆಗೆ ತಾಗಿದ್ರೆ ಅದು ಹೊಸ್ತಿಲಲ್ಲೇ ಅರಳಿ ಅಲ್ಲೇ ಕೂತ್ಬಿಡುತ್ತೆ. ಗುಂಡು ಈ ಕಡೆ ಹೊಕ್ಕು ಆ ಕಡೆ ಹೊರಡ್ಬೇಕು, ಮಧ್ಯೆ ಯಾರ ಹತ್ರಾನೂ ಮಾತಾಡ್ಕೊಂಡು ನಿಲ್ಲಬಾರ್ದು. ಮೊದಲು ಪ್ರಾಣಿ ನೋಡು, ಆಮೇಲೆ ಗುಂಡು, ಆಮೇಲೆ ಮದ್ದು, ಕೊನೇಗೆ ಬಂದೂಕು. ಅದಕ್ಕೂ ಮೊದಲು ನಿನ್ನ ಕೈ."

"ಮೊದಲು ಮೊದಲು ಅಂತ ಎರಡು ಸಲ ಅಂದೆ."

"ನಿಂಗೆ ಒಂದು ಸಲ ಹೇಳಿದ್ರೆ ಹತ್ತಲ್ಲ."

ಆಗಲೇ ಓರಿನ್ ಕೈಯ ಮೇಲಿನ ಆ ಮಾತು ಆಡಿದ್ದು. ಮೂಲೆಯಲ್ಲಿ ಕಾಫಿ ಹೀರುತ್ತ ಕೂತಿದ್ದ ಲೊರೇನಳ ತಮ್ಮ ಮರ್ಲ್ ಅದನ್ನು ಕೇಳಿಸಿಕೊಂಡು, ಊಟದ ಹೊತ್ತಿಗೆ ಕಣಿವೆಯ ನಾಲ್ಕು ದಿಕ್ಕಿಗೂ ಹಂಚಿದ. ಮರ್ಲ್ ಇದ್ದರೆ ಊರಿಗೆ ಬೇರೆ ರೇಡಿಯೋ ಬೇಕಿಲ್ಲ.

"ತಗೊಂಡು ಹೋಗು," ಅಂದಳು ವೆಲ್ಡಾ. "ತಟ್ಟೆ ಹೊಡೆದ ಮೇಲೆ ಮಾತಾಡೋಣ."

ತಟ್ಟೆಯ ವಿಷಯದಲ್ಲಿ ಕಣಿವೆಯವರು ಕಟ್ಟುನಿಟ್ಟು. ಯಾರೇ ರಿವಾಲ್ವರ್ ಹಿಡಿದು ಎಲ್ಕ್ ಬೇಟೆಗೆ ಹೋಗಲಿ, ಅದಕ್ಕೆ ಮೊದಲು ಒಂದು ಭಾನುವಾರ ಮಧ್ಯಾಹ್ನ ಊರಾಚೆಯ ಜಲ್ಲಿ ಹೊಂಡಕ್ಕೆ ಬರಬೇಕು. ಮನೆಯಿಂದ ಹಕಲ್‌ಬೆರಿ ಹಣ್ಣು ತುಂಬಿ ತಟ್ಟೆಯಲ್ಲೇ ಬೇಯಿಸಿದ ಪೈ ತರಬೇಕು. ಬಂದವರು ಪೈ ತಿಂದು ಮುಗಿಸಿದ ಮೇಲೆ ಅದರ ತಗಡಿನ ತಟ್ಟೆಯನ್ನು ಹಲಗೆಗೆ ಮೊಳೆ ಹೊಡೆದು ನಿಲ್ಲಿಸುತ್ತಾರೆ. ಉರುಳೆಯಲ್ಲಿದ್ದ ಅಷ್ಟೂ ಗುಂಡು ಎಷ್ಟು ದೂರದಿಂದ ತಟ್ಟೆಯೊಳಗೆ ಬೀಳುತ್ತವೋ ಅದೇ ಅವನ ದೂರ. ಬಡಗಿ ಪೆನ್ಸಿಲಿನಲ್ಲಿ ಹೆಸರು, ಗಜ ಎರಡನ್ನೂ ಬರೆದು ತಟ್ಟೆಯನ್ನು ವೆಲ್ಡಾಳ ಗೋಡೆಗೆ ತೂಗು ಹಾಕುತ್ತಾರೆ. ಆ ವರ್ಷ ಕಾಡಿನಲ್ಲಿ ತನ್ನ ತಟ್ಟೆಗಿಂತ ಒಂದು ಗಜ ಆಚೆಗೂ ಯಾರೂ ಹೊಡೆಯುವಂತಿಲ್ಲ. ಇದು ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ. ಕಾನೂನನ್ನಾದರೂ ಮುರಿದವರಿದ್ದಾರೆ, ಇದನ್ನು ಮುರಿದವರಿಲ್ಲ. ಹೊರಗಿನಿಂದ ಬಂದ ಯಾರೋ ದೂರದಿಂದ ಹೊಡೆದು ಗಾಯ ಮಾಡಿ ಬಿಟ್ಟ ಎಲ್ಕೊಂದರ ಬೆನ್ನು ಹತ್ತಿ ಓರಿನ್ನೇ ಒಂದು ಸಲ ಎರಡು ದಿನ ಅಲೆದಿದ್ದ. ಕೊನೆಗೆ ಅದು ಸಿಕ್ಕಿದಾಗ ಅವನು ಟೋಪಿ ತೆಗೆದು ನಿಂತಿದ್ದನಂತೆ.

ಮೊದಲ ಭಾನುವಾರ ಹೊಂಡದಲ್ಲಿ ಜನವೋ ಜನ. ಕೈಯ ಸುದ್ದಿ ಅಷ್ಟು ಹಬ್ಬಿತ್ತು. ಲೊರೇನ್ ಎರಡು ಪೈ ತಂದಿದ್ದಳು, ಎರಡೂ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಾಯ. ಓರಿನ್ ಐವತ್ತು ಗಜ ಅಳೆದು ನಿಂತ. ಕಿವಿಗೆ ಮುಚ್ಚಳ ಹಾಕಿಕೊಂಡ, ಹೆಬ್ಬೆರಳಿನಲ್ಲಿ ಬಂದೂಕಿನ ಕುದುರೆ ಎಳೆದು ನಿಲ್ಲಿಸಿದ, ಟ್ರಿಗರ್ ಒತ್ತಿದ.

ಆ ಸದ್ದಿಗೆ ಹೊಂಡದ ಅಂಚಿನ ಜಲ್ಲಿ ಜರಿದು ಬಿತ್ತು. ಓರಿನನ ಟೋಪಿ ಹಿಂದಕ್ಕೆ ಹಾರಿ ಮರ್ಲನ ಕಾಫಿಯಲ್ಲಿ ಇಳಿಯಿತು. ಯಾರದೋ ನಾಯಿ ಆ ಕ್ಷಣ ಹೊರಟದ್ದು ಬುಧವಾರ ಪಕ್ಕದ ಕೌಂಟಿಯಿಂದ ಫೋನು ಬಂದಾಗ ಸಿಕ್ಕಿತು. ಐದು ಗುಂಡೂ ಮುಗಿದು ಹೊಗೆ ಚದುರಿದ ಮೇಲೆ ಎಲ್ಲರೂ ನಡೆದು ಹೋಗಿ ನೋಡಿದರು. ಹಲಗೆಯ ಕೆಳಗಿನ ನೆಲದಲ್ಲಿ ಐದು ಹೊಂಡ. ತಟ್ಟೆ ಅಂಗಡಿಯಿಂದ ಈಗ ತಂದಂತೆ ಫಳಫಳ.

"ಭಾವ, ಆಲೂಗಡ್ಡೆ ನೆಡೋಕೆ ಒಳ್ಳೇ ಹದ ಆಯ್ತು," ಅಂದ ಮರ್ಲ್.

"ಬಂದೂಕಿಂದೇನೂ ತಪ್ಪಿಲ್ಲ. ತೋಟಾ ಸರಿಯಿಲ್ಲ," ಅಂದ ಓರಿನ್. "ಕಾರ್ಖಾನೆಯವರು ಊರಿಗೆಲ್ಲ ಒಂದೇ ಅಳತೇಲಿ ತುಂಬಿರ್ತಾರೆ. ನನ್ನ ಕೈಗೆ ತಕ್ಕಂತೆ ನಾನೇ ತುಂಬ್ಕೋತೀನಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಒಂದು ಮಾತು ಒಪ್ಪಲೇಬೇಕು: ತೋಟಾ ತುಂಬುವುದರಲ್ಲಿ ಓರಿನ್ ಕಸುಬುದಾರ. ರೈಫಲಿನ ತೋಟಾ ತುಂಬುವುದನ್ನು ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪನಿಂದ ಕಲಿತವನು. ಖಾಲಿ ಹಿತ್ತಾಳೆ ಕೊಳವೆಯನ್ನು ತೊಳೆದು, ಮದ್ದು ತೂಗಿ ಸುರಿದು, ಮೇಲೆ ಗುಂಡು ಕೂರಿಸುವ ಆ ಕೆಲಸವನ್ನು ಪೂಜೆಯಂತೆ ಮಾಡುತ್ತಿದ್ದ. ಮದ್ದು ತೂಗುವಾಗ ಉಸಿರಾಡಿದರೆ ತಕ್ಕಡಿ ಅಲುಗುತ್ತದೆಂದು ಉಸಿರು ಬಿಗಿಹಿಡಿಯುತ್ತಿದ್ದ. ಎರಡು ಸಲ ನೀಲಿಗಟ್ಟಿದ್ದೂ ಉಂಟು. ಅಪ್ಪ ಕಲಿಸಿದ ಒಂದು ಪಾಠ ಅವನಿಗೆ ವೇದವಾಕ್ಯ: ಕೊಳವೆಯ ಬಾಯಿಯನ್ನು ಹಿಸುಕಿ ಗುಂಡನ್ನು ಕಚ್ಚಿಸಬಾರದು. ಗುಂಡು ಸಡಿಲವಾಗಿ, ನೆಟ್ಟಗೆ ಕೂತಿರಬೇಕು, ಆಗಲೇ ಗುರಿ ಸೂಜಿಮೊನೆ. ಐವತ್ತು ವರ್ಷ ಅವನ ರೈಫಲಿನಲ್ಲಿ ಆ ಮಾತು ಸುಳ್ಳಾಗಿರಲಿಲ್ಲ.

ಆ ವಾರವಿಡೀ ಶೆಡ್ಡಿನಲ್ಲಿ ಕೂತು ಐದುನೂರಕ್ಕೆ ನಲವತ್ತು ತೋಟಾ ತುಂಬಿದ. ಒಂದೊಂದೂ ಅಪ್ಪನ ಪಾಠದಂತೆ, ಬಾಯಿ ಹಿಸುಕದೆ. ಮದ್ದು ಮಾತ್ರ ಕಾರ್ಖಾನೆಯವರಿಗಿಂತ ಒಂದು ಚಿಟಿಕೆ ಧಾರಾಳ.

ಎರಡನೆಯ ಭಾನುವಾರ ಮೂರು ಪೈ ಬೇಕಾಯಿತು. ಓರಿನ್ ನಿಂತ, ಗುರಿ ಹಿಡಿದ, ಢಂ ಎಂದಿತು. ಮತ್ತೆ ನೆಲದಲ್ಲಿ ಒಂದು ಹೊಂಡ. ಎರಡನೆಯ ಗುಂಡಿಗೆ ಕುದುರೆ ಎಳೆದ. ಬರಲಿಲ್ಲ. ಬಲವಾಗಿ ಎಳೆದ. ಉರುಳೆ ತಿರುಗಲೊಲ್ಲದು. ಗ್ರೇಡರಿನ ಚಕ್ರ ತಿರುಗಿಸಿದ ಕೈ, ನಿಂಬೆಹಣ್ಣಿನ ಗಾತ್ರದ ಉರುಳೆಯನ್ನು ತಿರುಗಿಸಲಾರದೆ ಬೆವರಿತು.

ವೆಲ್ಡಾ ಬಂದು, ನಳಿಗೆಯನ್ನು ಹಲಗೆಯ ಹಿಂದಿನ ದಿಬ್ಬದ ಕಡೆಗೇ ಹಿಡಿಸಿ, ಕನ್ನಡಕ ಇಳಿಸಿ ನೋಡಿದಳು. ಉಳಿದ ನಾಲ್ಕು ತೋಟಾಗಳಿಂದ ಗುಂಡುಗಳು ಕಾಲು ಅಂಗುಲ ಮುಂದೆ ತೆವಳಿ ಬಂದು, ಉರುಳೆಯಿಂದ ತಲೆ ಹೊರಗೆ ಹಾಕಿ, ಬಂದೂಕಿನ ಚೌಕಟ್ಟಿಗೆ ತಗುಲಿ ನಿಂತಿದ್ದವು.

"ಬಾಯಿ ಹಿಸುಕ್ಲಿಲ್ವಾ?"

"ಅಪ್ಪ ಹಿಸುಕಬಾರ್ದು ಅಂದಿದ್ದ."

"ನಿಮ್ಮಪ್ಪ ರೈಫಲಿಗೆ ಹೇಳಿದ್ದು ಕಣೋ. ಇದು ಹಿಂದಕ್ಕೆ ಒದೆಯೋ ರಭಸ ನೋಡಿದ್ಯಲ್ಲ? ಬಂದೂಕು ತೋಟಾನ ಎಳ್ಕೊಂಡು ಹಿಂದಕ್ಕೆ ಹಾರುತ್ತೆ, ಸಡಿಲ ಇರೋ ಗುಂಡು ನಿಂತ ಜಾಗದಲ್ಲೇ ನಿಲ್ಲುತ್ತೆ. ಬಿಗಿಯಾಗಿ ಕಚ್ಚಿಸದಿದ್ರೆ ಹೊರಗೇ ಬಂದ್ಬಿಡುತ್ತೆ."

"ಅಂದ್ರೆ," ಮರ್ಲ್ ಎಲ್ಲರಿಗೂ ಕೇಳುವಂತೆ ವಿವರಿಸಿದ, "ಗುಂಡುಗಳೇ ಬಂದೂಕು ಬಿಟ್ಟು ಓಡಿಹೋಗೋಕೆ ನೋಡ್ತಿವೆ."

ಹೊಂಡದಲ್ಲಿ ನಗು ಎದ್ದಿತು. ಓರಿನನೂ ನಕ್ಕ, ಅರ್ಧ ಬಾಯಲ್ಲಿ. ವೆಲ್ಡಾ ಹಿತ್ತಾಳೆಯ ತೆಳು ಪಟ್ಟಿಯಿಂದ ಗುಂಡುಗಳನ್ನು ಒಂದೊಂದಾಗಿ ಒಳಕ್ಕೆ ಒತ್ತಿ ಉರುಳೆ ಬಿಡಿಸಿದಳು, ಆ ತೋಟಾಗಳನ್ನು ತೆಗೆದು ತನ್ನ ಡಬ್ಬಿಗೆ ಹಾಕಿಕೊಂಡಳು. ಆಮೇಲೆ ಎಲ್ಲರಿಗೂ ಬೆನ್ನು ತಿರುಗಿಸಿ ನಿಂತು, ತನ್ನ ಜೇಬಿನಿಂದ ಏನನ್ನೋ ತೆಗೆದು ತುಂಬಿ, ಬಂದೂಕನ್ನು ಅವನ ಕೈಗಿಟ್ಟಳು.

"ಇವು ನಾನು ತಂದವು. ಈಗ ಹೊಡಿ."

ಮೊದಲನೆಯದು ಢಂ ಎಂದಿತು. ಓರಿನ್ ಎರಡನೆಯದಕ್ಕೆ ಕುದುರೆ ಎಳೆದ, ಉಸಿರು ಹಿಡಿದ, ಟ್ರಿಗರ್ ಒತ್ತಿದ. ಟಿಕ್ ಎಂದಿತು, ಅಷ್ಟೆ. ಬೆಂಕಿಯಿಲ್ಲ, ಹೊಗೆಯಿಲ್ಲ. ಆದರೆ ನಳಿಗೆ ಒಂದು ಗೇಣು ಕೆಳಕ್ಕೆ ಕುಸಿಯಿತು, ಓರಿನನ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡವು, ಭುಜ ಕಿವಿಯವರೆಗೆ ಏರಿತು. ಮೊದಲೇ ಹೊಡೆದು ಮುಗಿದಿದ್ದ ಖಾಲಿ ಕೊಳವೆಗಳನ್ನು ವೆಲ್ಡಾ ನಡುನಡುವೆ ಸೇರಿಸಿ ತುಂಬಿದ್ದಳು. ಬಂದೂಕು ಸುಮ್ಮನಿತ್ತು. ಹಾರಿದ್ದು ಓರಿನ್ ಟಾಸ್ಕರ್.

ಯಾರೂ ನಗಲಿಲ್ಲ. ಮರ್ಲ್ ಕೂಡ. ಮರ್ಲ್ ನಗಲಿಲ್ಲವೆಂದರೆ ವಿಷಯ ಎಷ್ಟು ಕೆಟ್ಟಿತ್ತೆಂದು ತಿಳಿಯಬಹುದು.

ಓರಿನ್ ತನ್ನ ಪಿಕಪ್ಪಿನ ಹಿಂಬದಿಯಲ್ಲಿ ಕೂತು ಅಂಗೈ ನೋಡಿಕೊಂಡ. ಮೂವತ್ತನಾಲ್ಕು ವರ್ಷ ಹೇಳಿದಂತೆ ಕೇಳಿದ ಕೈ ಇದು. ಈಗ ಹೇಳದೆ ಕೇಳದೆ ಮೊದಲೇ ನಡುಗುತ್ತದೆ. ಬೇಟೆ ಶುರುವಾಗಲು ಐದು ವಾರ. ಇಂಥ ಕೈಯಲ್ಲಿ ಎಲ್ಕ್‌ಗೆ ಹೊಡೆದರೆ ಅದು ಬೀಳುವುದಿಲ್ಲ, ಹೊಟ್ಟೆಗೋ ಕಾಲಿಗೋ ಗಾಯ ಮಾಡಿಕೊಂಡು ಕಾಡು ಸೇರುತ್ತದೆ. ಅದಕ್ಕಿಂತ ಚೀಟಿ ಹರಿದು ಒಲೆಗೆ ಹಾಕುವುದು ವಾಸಿ.

ಲೊರೇನ್ ಬಂದು ಪಕ್ಕ ಕೂತಳು, ಉಳಿದಿದ್ದ ಒಂದು ತುಂಡು ಪೈ ಅವನ ಮುಂದಿಟ್ಟಳು.

"ಕೈ ಹೆದರ್ಕೊಂಡಿದೆ ಕಣೇ," ಅಂದ ಓರಿನ್. ಮದುವೆಯಾದ ಮೂವತ್ತೊಂಬತ್ತು ವರ್ಷದಲ್ಲಿ ಅವಳು ಅವನ ಬಾಯಿಂದ ಈ ಮಾತು ಕೇಳಿರಲಿಲ್ಲ.

"ಹೆದರ್ಕೊಂಡ್ರೆ ಕೈಗೆ ಬುದ್ಧಿ ಇದೆ ಅಂತ ಅರ್ಥ. ಬಾಯಿಗೆ ಇಲ್ಲ, ಅಷ್ಟೆ. ಪೈ ತಿನ್ನು."

ಸೋಮವಾರ ಅಂಗಡಿ ಬಾಗಿಲು ತೆಗೆಯುವ ಮೊದಲೇ ಓರಿನ್ ಮೆಟ್ಟಿಲ ಮೇಲೆ ನಿಂತಿದ್ದ, ಐದುನೂರನ್ನು ಟವೆಲಿನಲ್ಲಿ ಸುತ್ತಿಕೊಂಡು. ವೆಲ್ಡಾ ಬಾಗಿಲು ತೆಗೆದಳು. ಅದನ್ನು ಇಸಿದುಕೊಂಡು ಕೆಳಗಿನ ಸಾಲಿನಲ್ಲಿ ಮಲಗಿಸಿದಳು, ಮೇಲಿನ ಸಾಲಿನಿಂದ ನಲವತ್ನಾಲ್ಕನ್ನು ತೆಗೆದಳು. ಆಮೇಲೆ ಅವನ ಕೈಯನ್ನು ಗಾಜಿನ ಮೇಲೆ ಚಾಚಿಸಿ, ದರ್ಜಿ ಅಳೆಯುವಂತೆ ಹೆಬ್ಬೆರಳ ಬುಡದಿಂದ ತೋರುಬೆರಳ ತುದಿಯವರೆಗೆ ಅಳೆದು, ಮರದ ಹಿಡಿ ಎರಡು ಬದಲಾಯಿಸಿ, ಮೂರನೆಯದನ್ನು ಕೂರಿಸಿದಳು.

"ಮದ್ದು?" ಅಂತ ಕೇಳಿದ ಓರಿನ್. ಅಷ್ಟು ಮೆತ್ತಗೆ ಅವನು ಕೇಳಿದ್ದು ಆ ಅಂಗಡಿಯಲ್ಲಿ ಅದೇ ಮೊದಲು.

"ಡಬ್ಬಿ ಮೇಲೆ ಬರೆದಿರೋ ಗರಿಷ್ಠಕ್ಕಿಂತ ಕಾಲು ಭಾಗ ಕಮ್ಮಿ. ಗುಂಡು ನಿಧಾನ ಹೋದ್ರೂ ಗಟ್ಟಿ ಸೀಸ ಇದೆ, ಆಚೆ ಕಡೆ ಹೋಗೇ ಹೋಗುತ್ತೆ. ಸತ್ತ ಎಲ್ಕ್ ಯಾವುದೂ ಇವತ್ತಿನವರೆಗೆ ಬಂದು, ಅಷ್ಟು ನಿಧಾನ ಯಾಕೆ ಹೊಡೆದೆ ಅಂತ ನನ್ನ ಕೇಳಿಲ್ಲ."

"ಬಾಯಿ ಹಿಸುಕ್ಬೇಕು."

"ಕೊಳವೇದು. ನಿಂದೂ ಹಿಸುಕಿದ್ರೆ ಊರಿಗೆ ಉಪಕಾರ."

ಆಮೇಲಿನ ನಾಲ್ಕು ವಾರ ಟಾಸ್ಕರ್ ಮನೆಯ ಅಡುಗೆಮನೆಯಲ್ಲಿ ಬೆಳಗಿನ ಉಪಾಹಾರಕ್ಕೆ ಮೊದಲು ಒಂದು ನೋಂಪಿ ನಡೆಯಿತು. ರಿವಾಲ್ವರಿನಲ್ಲಿ ಖಾಲಿ ಕೊಳವೆಗಳು. ಲೊರೇನ್ ಒಂದೊಂದನ್ನೂ ಮುಟ್ಟಿ ನೋಡಿದ ಮೇಲೆಯೇ ಶುರು. ನಳಿಗೆಯ ಮೇಲೆ ಅವಳು ಒಂದು ಅಂಗಿ ಗುಂಡಿ ಇಡುವಳು. ಓರಿನ್ ಬಣ್ಣ ಬಳಿದ ಗೋಡೆಗೆ ಗುರಿ ಹಿಡಿದು ಟ್ರಿಗರ್ ಒತ್ತಬೇಕು, ಗುಂಡಿ ಬೀಳಬಾರದು. ಬಿದ್ದರೆ ಬಿಸ್ಕತ್ತು ಎಂದು ಕರೆಯುವ ಮೆತ್ತನೆ ಬನ್ನಿನ ಮೇಲೆ ಸುರಿಯುವ ಮಾಂಸದ ಸಾರಿನಲ್ಲಿ ಒಂದು ಸೌಟು ಕಡಿಮೆ. ಮೊದಲ ದಿನ ಅವನಿಗೆ ಒಣ ಬಿಸ್ಕತ್ತು ಸಿಕ್ಕಿತು. ಎರಡನೆಯ ದಿನ ಬಿಸ್ಕತ್ತೂ ಸಿಗಲಿಲ್ಲ. ಮೂರನೆಯ ವಾರದ ಹೊತ್ತಿಗೆ ಗುಂಡಿ ನಳಿಗೆಯ ಮೇಲೆ ಎಷ್ಟು ನಿಶ್ಚಲವಾಗಿ ಕೂತಿತೆಂದರೆ, ಒಂದು ನೊಣ ಬಂದು ಅದರ ಮೇಲೆ ನಿದ್ದೆ ಮಾಡಿತು ಎನ್ನುತ್ತಾರೆ. ನೊಣದ ಮಾತು ಬಿಡಿ. ಓರಿನನಿಗೆ ಸಾರು ತುಂಬ ಸಿಗತೊಡಗಿದ್ದಂತೂ ನಿಜ, ಸೊಂಟದ ಪಟ್ಟಿ ಒಂದು ತೂತು ಮುಂದೆ ಹೋಯಿತು. ಸಂಜೆ ಹೊಂಡದಲ್ಲಿ ನಿಜವಾದ ಗುಂಡು ಹನ್ನೆರಡು ಮಾತ್ರ, ನಡುನಡುವೆ ಖಾಲಿ ಸೇರಿಸಿ. ಹದಿಮೂರನೆಯದಕ್ಕೆ ವೆಲ್ಡಾ ಬಿಡುತ್ತಿರಲಿಲ್ಲ.

ಬೇಟೆಗೆ ಮೊದಲಿನ ಭಾನುವಾರ ಒಂದೇ ಪೈ ಸಾಕಾಯಿತು. ಸೋಲು ನೋಡಲು ಬರುವಷ್ಟು ಜನ ಗೆಲುವಿಗೆ ಬರುವುದಿಲ್ಲ. ಐವತ್ತು ಗಜದಲ್ಲಿ ಆರರಲ್ಲಿ ನಾಲ್ಕು ತಟ್ಟೆಯೊಳಗೆ. ನಲವತ್ತರಲ್ಲಿ ಐದು. ಮೂವತ್ತೈದಕ್ಕೆ ಬಂದಾಗ ತಗಡು ಆರು ಸಲ ಟಣ್ಣೆಂದಿತು. ವೆಲ್ಡಾ ಪೆನ್ಸಿಲು ನಾಲಗೆಗೆ ತಾಗಿಸಿ ಬರೆದಳು: ಓರಿನ್ ಟಾಸ್ಕರ್, 35.

"ಮೂವತ್ತೈದಾ?" ಅಂದ ಮರ್ಲ್. "ಭಾವ, ಅಷ್ಟು ಹತ್ರ ಹೋದ್ರೆ ಬಂದೂಕು ಯಾಕೆ? ಕೈ ಕುಲುಕಿದ್ರೆ ಸಾಕು, ಎಲ್ಕ್ ಅಲ್ಲೇ ಸಾಯುತ್ತೆ."

ಓರಿನ್ ತಟ್ಟೆಯ ಮೊಳೆ ಕಿತ್ತ. ಮೂವತ್ತೈದು ಗಜ ಎಂದರೆ ಎಷ್ಟು ಎಂಬುದು ಅವನಿಗೆ ಈಗ ಚೆನ್ನಾಗಿ ಗೊತ್ತಿತ್ತು. ಎಲ್ಕಿನ ಮೂಗಿಗೆ ಅದು ಪಕ್ಕದ ಕುರ್ಚಿ.

ಉತ್ತರದ ದಿಣ್ಣೆಯಲ್ಲಿ, ಕತ್ತಲೆಗಾಡು ಮುಗಿದು ಹಳೆಯ ಕಾಡ್ಗಿಚ್ಚಿನ ಬಯಲು ಶುರುವಾಗುವ ಕಡೆ, ಓರಿನ್ ಬಿದ್ದ ಮರದ ದಿಮ್ಮಿಯ ಹಿಂದೆ ಜಾಗ ಮಾಡಿಕೊಂಡ. ಹಿಂದಿನ ದಿನವೇ ಗಜ ಹಾಕಿ ಅಳೆದಿದ್ದ: ಮುರಿದ ಲಾರ್ಚ್ ಮರಕ್ಕೆ ಮೂವತ್ತೆರಡು, ಅದರಾಚೆ ಪಾಚಿ ಬಂಡೆಗೆ ಅರವತ್ತು. ಲಾರ್ಚಿನ ಸೂಜಿಯಂಥ ಎಲೆಗಳು ಹಳದಿಯಾಗಿ ಉದುರುತ್ತಿದ್ದವು, ಅವನ ಕಿತ್ತಳೆ ಅಂಗಿಯ ಮೇಲೂ.

ಮೊದಲ ಬೆಳಿಗ್ಗೆಯೇ ಅದು ಬಂತು. ಆರು ಕವಲಿನ ಕೊಂಬು, ಹಾಲಿನಲ್ಲಿ ಕಾಫಿ ಬೆರೆಸಿದ ಮೈಬಣ್ಣ, ಕಪ್ಪು ಕೊರಳು. ಬಂದದ್ದು ನೇರ ಪಾಚಿ ಬಂಡೆಗೆ. ಅಲ್ಲಿ ಅಡ್ಡ ನಿಂತು, ಚಿತ್ರಕ್ಕೆ ನಿಂತವರಂತೆ ಎದೆ ತೋರಿಸಿ, ಬಂಡೆಗೆ ಕತ್ತು ಉಜ್ಜಿಕೊಳ್ಳತೊಡಗಿತು. ಅರವತ್ತು ಗಜ. ರೈಫಲಿದ್ದಿದ್ದರೆ ಓರಿನ್ ಕಣ್ಣು ಕಟ್ಟಿಕೊಂಡು ಹೊಡೆಯುವ ದೂರ. ನಲವತ್ನಾಲ್ಕನ್ನು ದಿಮ್ಮಿಯ ಮೇಲೆ ಊರಿದ. ನಳಿಗೆಯ ತುದಿಯ ಗುರಿಕಡ್ಡಿ ಎಲ್ಕಿನ ಎದೆಯ ಮೇಲೆ ಕೂತಿತ್ತು, ಅಲುಗಾಡುತ್ತಿರಲಿಲ್ಲ. ಸುತ್ತ ಐದು ಮೈಲಿ ನರಪಿಳ್ಳೆಯಿಲ್ಲ. ಅರವತ್ತನ್ನು ಮೂವತ್ತೈದು ಎಂದರೆ ಅಲ್ಲಗಳೆಯಲು ಮರಗಳಿಗೆ ಬಾಯಿಲ್ಲ.

ಎಲ್ಕ್ ಕತ್ತು ಉಜ್ಜುತ್ತಲೇ ಇತ್ತು. ಪಾದ್ರಿಗಳ ಒಂದು ಪ್ರವಚನ ಮುಗಿಯುವಷ್ಟು ಹೊತ್ತು ಉಜ್ಜಿತು, ಈಸ್ಟರ್ ಪ್ರವಚನ. ಓರಿನ್ ಟ್ರಿಗರಿನಿಂದ ಬೆರಳು ತೆಗೆದ. "ಇಲ್ಲಿ ಬಾರೋ, ಇಪ್ಪತ್ತೆಂಟು ಹೆಜ್ಜೆ ಬಾ, ನಿನ್ನ ದಮ್ಮಯ್ಯ," ಎಂದು ತುಟಿಯಲ್ಲೇ ಬೇಡಿಕೊಂಡ. ಎಲ್ಕ್ ಒಂದು ಸಲ ಅವನತ್ತ ನೋಡಿ, ಬಾಲ ಬೀಸಿ ಕಾಡಿಗೆ ಹೊರಟು ಹೋಯಿತು.

ಅದನ್ನು ಅವನು ಅಂಗಡಿಯಲ್ಲಿ ಹೇಳಿದಾಗ ಮರ್ಲ್ ತಲೆ ಚಚ್ಚಿಕೊಂಡ. "ಹದಿನೇಳು ವರ್ಷ ಕಾದು, ಹಾಗೇ ಬಿಟ್ಟು ಬಂದ್ಯಾ?" ವೆಲ್ಡಾ ಮಾತ್ರ ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಹುಯ್ದಳು. ಅವಳು ಕೇಳದೆ ಕಾಫಿ ಹುಯ್ಯುವುದು ಎರಡೇ ಸಂದರ್ಭದಲ್ಲಿ, ಇನ್ನೊಂದು ಶವಸಂಸ್ಕಾರ.

ಎರಡನೆಯ ದಿನ ಬರೀ ಅಳಿಲು. ಮೂರನೆಯ ದಿನ ಮಂಜು. ತನ್ನ ಮೊಣಕಾಲೇ ಅವನಿಗೆ ಕಾಣಲಿಲ್ಲ. ನಾಲ್ಕನೆಯ ದಿನ ಗಾಳಿ ತಿರುಗಿ, ಅವನ ಬೆಳಗಿನ ಸಾರಿನ ವಾಸನೆ ಕಾಡಿಗೆಲ್ಲ ಡಂಗುರ ಹೊಡೆಯಿತು. ಐದನೆಯ ದಿನ ತೆಳುವಾಗಿ ಹಿಮ ಬಿದ್ದು ನಿಂತಿತ್ತು, ಗಾಳಿ ಮುಖಕ್ಕೆ ಬೀಸುತ್ತಿತ್ತು. ಬಿಸಿಲು ಏರಿದ ಮೇಲೆ, ಇವತ್ತೂ ಇಷ್ಟೇ ಎಂದು ಓರಿನ್ ಬುತ್ತಿ ಬಿಚ್ಚುವಾಗ, ಬಂಡೆಯ ಹಿಂದೆ ಕೊಂಬು ಕಂಡಿತು.

ಈ ಸಲ ಅದು ಬಂಡೆಯ ಹತ್ತಿರ ನಿಲ್ಲಲಿಲ್ಲ. ಹಿಮದಡಿಯ ಹುಲ್ಲನ್ನು ಮೂತಿಯಿಂದ ಕೆದಕುತ್ತ, ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ. ಐವತ್ತು. ನಲವತ್ತೈದು. ಓರಿನನ ಬಾಯಲ್ಲಿ ಅರ್ಧ ಸ್ಯಾಂಡ್‌ವಿಚ್ ಇತ್ತು. ಅಗಿದರೆ ಕೇಳಿಸುತ್ತದೆಂದು ಹಾಗೇ ಕಚ್ಚಿ ಹಿಡಿದ. ಮುರಿದ ಲಾರ್ಚಿನ ಪಕ್ಕ ಬಂದು ಅದು ಅಡ್ಡ ತಿರುಗಿತು. ಮುಂಗಾಲು ಒಂದು ಹೆಜ್ಜೆ ಮುಂದಿಟ್ಟಿತು.

ಅವನಿಗೆ ಸದ್ದು ಕೇಳಿದ ನೆನಪಿಲ್ಲ, ಬಂದೂಕು ಒದ್ದ ನೆನಪೂ ಇಲ್ಲ. ಕಣ್ಣು ತೆರೆದೇ ಇತ್ತು ಎಂಬುದೊಂದು ಗೊತ್ತು, ಯಾಕೆಂದರೆ ಎಲ್ಕಿನ ಮೈಯ ರೋಮ ಭುಜದ ಹಿಂದೆ ಅಲುಗಿದ್ದನ್ನು ನೋಡಿದ. ಅದು ಏನೂ ಆಗದಂತೆ ನಿಂತಿತ್ತು. ಕುದುರೆ ಎಳೆದ, ಉರುಳೆ ಎಣ್ಣೆ ಹಾಕಿದಂತೆ ತಿರುಗಿತು, ಎರಡನೆಯದನ್ನೂ ಅಲ್ಲೇ ಕೊಟ್ಟ. ಎಲ್ಕ್ ಹದಿನೈದು ಹೆಜ್ಜೆ ನಡೆಯಿತು, ಯೋಚನೆ ಮಾಡುವಂತೆ ನಿಂತಿತು, ಹಿಮದ ಮೇಲೆ ಮಲಗಿತು. ಮತ್ತೆ ಏಳಲಿಲ್ಲ.

ಓರಿನ್ ಸ್ಯಾಂಡ್‌ವಿಚ್ ಬಾಯಿಂದ ತೆಗೆದ, ಟೋಪಿ ತೆಗೆದ, ಹತ್ತಿರ ಹೋಗಿ ಕೂತ. ಆಮೇಲೆ ನೋಡಿದ: ಗುಂಡುಗಳೆರಡೂ ಈ ಕಡೆ ಹೊಕ್ಕು ಆ ಕಡೆ ಹೊರಟಿದ್ದವು, ನಡುವೆ ಯಾರ ಹತ್ತಿರವೂ ಮಾತಾಡದೆ. ಬಲಗೈ ಚಾಚಿ ನೋಡಿಕೊಂಡ. ಈಗ ಅದು ನಡುಗುತ್ತಿತ್ತು, ಬೇಕಾದಷ್ಟು. ನಡುಗಲಿ ಎಂದು ಬಿಟ್ಟ.

ಎಂಟುನೂರು ಪೌಂಡಿನ ಪ್ರಾಣಿ. ಪಿಕಪ್ಪು ನಿಲ್ಲಿಸಿದ ಜಾಗಕ್ಕೆ ಎರಡೂವರೆ ಮೈಲಿ. ಅವನು ದಿಣ್ಣೆಯ ತುದಿಗೆ ಹತ್ತಿ ಫೋನ್ ಮಾಡಿದ ಒಂದೂವರೆ ಗಂಟೆಗೆ ಮರ್ಲ್, ಲೊರೇನ್, ಇನ್ನಿಬ್ಬರು ನೆರೆಯವರು ಬಂದರು. ವೆಲ್ಡಾ ಕೂಡ ಬಂದಳು, ಏನನ್ನೂ ಹೊರಲು ಅಲ್ಲ, ಗುಂಡು ಹೊರಟ ತೂತು ನೋಡಲು. ಬೆರಳಿಟ್ಟು ನೋಡಿ, "ಹೂಂ," ಅಂದಳು. ಅದಕ್ಕಿಂತ ಉದ್ದದ ಹೊಗಳಿಕೆ ಕಣಿವೆಯಲ್ಲಿ ಯಾರಿಗೂ ಸಿಕ್ಕಿಲ್ಲ.

ಮಾಂಸವನ್ನು ಭಾಗ ಮಾಡಿ ಹೊತ್ತು ಇಳಿಸುವುದಕ್ಕೆ ಮೂರು ಸುತ್ತು ಬೇಕಾಯಿತು. ಹಿಂಗಾಲಿನ ತೊಡೆಯೊಂದನ್ನು ಬೆನ್ನಿಗೆ ಕಟ್ಟಿಕೊಂಡ ಮರ್ಲ್ ಒಂದೊಂದು ಹೆಜ್ಜೆಗೂ ಒಂದೊಂದು ಅಂಗುಲ ಗಿಡ್ಡವಾಗುತ್ತಿದ್ದ. ಮೂರನೆಯ ಸುತ್ತಿನ ಹೊತ್ತಿಗೆ ಅವನ ಗಡ್ಡ ಹಿಮ ಗುಡಿಸುತ್ತಿತ್ತು. ಕೊನೆಗೆ ಒಂದು ಮರದ ಬುಡಕ್ಕೆ ಒರಗಿ ನಿಂತು ಏದುಸಿರು ಬಿಟ್ಟ.

"ಭಾವ, ಒಂದು ಮಾತು ಹೇಳ್ಲಾ? ಆ ಎರಡು ಗುಂಡು ನೀನು ತಪ್ಪಿಸಿದ್ದಿದ್ರೆ ಈ ಹೊತ್ತಿಗೆ ನಾವೆಲ್ಲ ಮನೇಲಿ ಕಾಲು ಚಾಚ್ಕೊಂಡು ಟಿವಿ ನೋಡ್ತಿದ್ವಿ."

"ಗೊತ್ತು ಕಣೋ," ಅಂದ ಓರಿನ್. "ಅದಕ್ಕೇ ಅದು ಬೀಳೋ ತನಕ ನಿಂಗೆ ಫೋನ್ ಮಾಡ್ಲಿಲ್ಲ. ಮೊದಲೇ ಮಾಡಿದ್ರೆ, ತಪ್ಪಿ ಹೋಗ್ಲಿ ಅಂತ ನೀನು ಮೊಣಕಾಲೂರಿ ಪ್ರಾರ್ಥನೆ ಶುರು ಮಾಡ್ತಿದ್ದೆ. ಹುಟ್ಟಿದಾಗಿಂದ ಒಂದು ಸಲಾನೂ ಏನೂ ಬೇಡದವನು ಬೇಡಿದ್ರೆ, ಪಾಪ, ದೇವರು ಇಲ್ಲ ಅಂತಾನಾ?"